ಸೀಗೆಪುಡಿಗೆ ಸಾಕ್ಷಿಯಾದ ಜಡೆ

ಮದುವೆಗೆ ಒಂದು ವರ್ಷ ಮುಂಚೆ ನನಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟ ಮೇಲೆ ತಲೆಕೂದಲು ಹಿಡಿ ಹಿಡಿಯಾಗಿ ಉದುರಿತು. ಅಮ್ಮ ಅದನ್ನು ಎಸೆಯದೆ ಸುತ್ತಿಟ್ಟು, ನಮ್ಮೂರು ಜಾವಗಲ್ಲಿನ ಸಂತೆಗೆ ಬರುತ್ತಿದ್ದ ಹೆಂಗಸೊಬ್ಬಳ ಕೈಯಲ್ಲಿ ಚೌರಿ ಕಟ್ಟಿಸಿದಳು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯವರು ಹೆಣ್ಣು ನೋಡಲು ಬಂದ ದಿನ, ಕಿವಿಯ ಕೆಳಗಿನ ತನಕ ಮತ್ತೆ ಬೆಳೆದಿದ್ದ ನನ್ನ ಮೋಟು ಕೂದಲಿಗೆ ಆ ಚೌರಿ ಸೇರಿಸಿ, ಸೊಂಟದ ತನಕ ಜಡೆ ಹೆಣೆದು ಕೂರಿಸಿದಳು. ನಿನ್ನದೇ ಕೂದಲು, ಯಾರದ್ದನ್ನೂ ಕದ್ದು ತಂದಿಲ್ಲವಲ್ಲ ಎಂದು ನನ್ನ ಬಾಯಿ ಮುಚ್ಚಿಸಿದಳು.

ಹುಡುಗ ನನ್ನ ಮುಖ ನೋಡಿದರೆ, ಹುಡುಗನ ತಾಯಿ ನೋಡಿದ್ದು ಬರೀ ಜಡೆಯನ್ನು. ಯಾಕೆಂದು ಆಮೇಲೆ ತಿಳಿಯಿತು. ಅತ್ತೆ ಮನೆಯಲ್ಲೇ ಸೀಗೆಪುಡಿ ಮಾಡಿ ಮಾರುತ್ತಿದ್ದರು. ಸೀಗೆಕಾಯಿ, ಅಂಟುವಾಳ, ಮೆಂತ್ಯ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ, ನಿಂಬೆಸಿಪ್ಪೆ. ಇನ್ನೂ ಏನೋ ಒಂದನ್ನು ಬೆರೆಸುತ್ತಿದ್ದರು, ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಹಿಟ್ಟು ಬೀಸಿಸಲು ಬಂದವರೆಲ್ಲ ಹೋದ ಮೇಲೆ ಗಿರಣಿಯವನು ಮೂಗಿಗೆ ಟವೆಲು ಕಟ್ಟಿಕೊಂಡು ಎಲ್ಲವನ್ನೂ ಒಟ್ಟಿಗೆ ಬೀಸಿಕೊಡುತ್ತಿದ್ದ. ಗುರುವಾರ ಸಂಜೆಯಾದರೆ ಮಾರನೆಯ ದಿನದ ಎಣ್ಣೆನೀರಿಗೆಂದು ಬೀದಿಯ ಹೆಂಗಸರು ಡಬ್ಬಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದರು.

ನಿಶ್ಚಿತಾರ್ಥದ ಮೇಲೆ ಅತ್ತೆ ನನಗೂ ಒಂದು ಡಬ್ಬಿ ಪುಡಿ ಕಳಿಸಿದ್ದರು. ಮದುವೆಯಾಗಿ ಬಂದ ಮೊದಲ ಗುರುವಾರವೇ ನನ್ನನ್ನು ಕರೆದು, ಆ ಹೆಂಗಸರಿಗೆ ಬೆನ್ನು ಮಾಡಿ ನಿಲ್ಲಿಸಿ, ಇಷ್ಟುದ್ದ ಬೆಳೆದದ್ದು ತಮ್ಮ ಪುಡಿಯಿಂದ ಎಂದರು. ಹೆಣ್ಣು ನೋಡಲು ಬಂದಾಗಲೇ ಜಡೆ ಅಷ್ಟುದ್ದವಿತ್ತು ಎನ್ನುವುದನ್ನು ಅವರು ಅನುಕೂಲಕ್ಕೆ ಮರೆತಿದ್ದರು. ಸಂತೆಗೆ ಹೊಡೆದುಕೊಂಡು ಬಂದ ಎಮ್ಮೆಯ ಹಾಗೆ ನಿಂತಿದ್ದೆ. ಒಬ್ಬೊಬ್ಬರೂ ಜಡೆಯನ್ನು ಎತ್ತಿ ತೂಕ ನೋಡಿದರು.

ಹೊಸ ಸೊಸೆಗೆ ಶುಕ್ರವಾರ ಅತ್ತೆಯೇ ತಲೆಗೆ ನೀರು ಹಾಕುವುದು ಆ ಮನೆಯ ಪದ್ಧತಿ. ಮೊದಲ ಶುಕ್ರವಾರ ಮುಟ್ಟಾಗಿದ್ದೇನೆ ಎಂದೆ, ಎರಡನೆಯದಕ್ಕೆ ನೆಗಡಿ, ಮೂರನೆಯದಕ್ಕೆ ಎಲ್ಲರಿಗಿಂತ ಮೊದಲೇ ಎದ್ದು ನಾನೇ ಸ್ನಾನ ಮುಗಿಸಿದೆ. ಗಂಡನಿಗೆ ವಿಷಯ ಗೊತ್ತಿತ್ತು. ಅಮ್ಮನಿಗೆ ನೀನೇ ಹೇಳಿಕೋ ಎಂದು ನಕ್ಕು ಕೈತೊಳೆದುಕೊಂಡರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾಲ್ಕನೆಯ ಶುಕ್ರವಾರ ಅತ್ತೆ ಸೀಗೆಪುಡಿ ಕಲಸಿದ ಬಟ್ಟಲು ಹಿಡಿದು ಸೀದಾ ಬಚ್ಚಲಿಗೇ ಬಂದರು. ಬಾಗಿಲಿಗೆ ಚಿಲಕವಿರಲಿಲ್ಲ. ನಾನು ಚೌರಿ ಬಿಚ್ಚಿ ಗೂಟಕ್ಕೆ ಹಾಕಿ, ಮೋಟು ತಲೆಯಲ್ಲಿ ಹಂಡೆಯ ಪಕ್ಕ ಕೂತಿದ್ದೆ. ಅವರು ಗೂಟ ನೋಡಿದರು, ನನ್ನ ತಲೆ ನೋಡಿದರು. ನಾನು ಅಳತೊಡಗಿದೆ. ನಿಜ ಹೇಳಬೇಕೆಂದರೆ ಸಮಾಧಾನವೂ ಆಯಿತು. ಬೈಯಲಿ, ಜಾವಗಲ್ಲಿಗೆ ಓಡಿಸಲಿ, ಅಂತೂ ಮುಗಿಯಿತಲ್ಲ ಎಂದುಕೊಂಡೆ.

ಅತ್ತೆ ನನ್ನ ತಲೆಗೆ ಪುಡಿ ಹಚ್ಚಿ, ಬುರುಡೆ ನೋಯದ ಹಾಗೆ ಉಜ್ಜಿ, ಬಿಸಿನೀರು ಹೊಯ್ದರು. ಆಮೇಲೆ ಚೌರಿಯನ್ನು ತೆಗೆದುಕೊಂಡು ಅದಕ್ಕೂ ಪುಡಿ ಹಚ್ಚಿ ತೊಳೆದರು. ಎರಡೂ ಒಣಗಿದ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು, ಅಮ್ಮನಿಗಿಂತ ಬಿಗಿಯಾಗಿ, ಎಲ್ಲಿ ಸೇರಿದೆಯೆಂದು ಗೊತ್ತಾಗದ ಹಾಗೆ ಹೆಣೆದರು.

"ಊರಿಗೆಲ್ಲ ಹೇಳ್ಬುಟ್ಟಿವ್ನಿ. ಇನ್ನು ಇದನ್ನ ತೆಗೆಯಂಗಿಲ್ಲ ಕಣೇ," ಎಂದರು.

ಅಲ್ಲಿಂದ ಆ ಜಡೆ ನನ್ನ ಕುತ್ತಿಗೆಗೆ ಬಿತ್ತು. ಬೇಸಿಗೆಯಲ್ಲಿ ತಲೆ ನವೆಯೆದ್ದರೂ ಪಡಸಾಲೆಯಲ್ಲಿ ಕೆರೆದುಕೊಳ್ಳುವಂತಿಲ್ಲ. ತವರಿಗೆ ಹೋದರೂ ಬಿಚ್ಚಬೇಡ, ಅಲ್ಲಿಂದಲೂ ಪುಡಿಗೆ ಜನ ಬರುತ್ತಾರೆ ಎನ್ನುವರು. ಒಮ್ಮೆ ಮಾಲೇಕಲ್ಲು ತಿರುಪತಿಯ ದೇವಸ್ಥಾನಕ್ಕೆ ಹೊರಟಾಗ, ಮುಡಿ ಕೊಟ್ಟುಬಿಡುತ್ತೇನೆ, ಹರಕೆಯಿತ್ತು ಅಂತ ಹೇಳೋಣ ಎಂದೆ. ಮುತ್ತೈದೆ ತಲೆ ಬೋಳಿಸಿಕೊಂಡು ಬಂದರೆ ಪುಡಿ ಕೊಳ್ಳುವವರು ಯಾರು ಎಂದು ಅತ್ತೆ ಕೇಳಿದರು. ಅವರ ಪುಡಿ ಒಳ್ಳೆಯದೇ, ಅದನ್ನು ಅಲ್ಲಗಳೆಯಲಾರೆ. ನನ್ನ ಕೂದಲು ಮೃದುವಾಯಿತು, ಹೊಟ್ಟು ಹೋಯಿತು. ಆದರೆ ಎರಡು ವರ್ಷವಾದರೂ ಭುಜ ದಾಟಲಿಲ್ಲ. ಯಾರು ಏನು ಕೇಳಿದರೂ ನಾನು ಸುಮ್ಮನೆ ನಗುತ್ತಿದ್ದೆ. ಸುಳ್ಳು ಹೇಳುವವರು ಅತ್ತೆ, ನಾನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಗುರುವಾರ ಹಿಂದಿನ ಬೀದಿಯ ಹುಡುಗಿಯೊಬ್ಬಳು ತಲೆಗೆ ಸೆರಗು ಹೊದ್ದು ಬಂದಳು. ಮದುವೆಗೆ ನೋಡುತ್ತಿದ್ದರಂತೆ. ಅತ್ತೆಯನ್ನು ಬಿಟ್ಟು ನನ್ನ ಪಕ್ಕಕ್ಕೆ ಬಂದು ಕೂತು, ಸೆರಗು ಸರಿಸಿ ತೋರಿಸಿದಳು. ನಡುವೆ ಬುರುಡೆ ಕಾಣುತ್ತಿತ್ತು.

"ಅಕ್ಕಾ, ಜ್ವರದಲ್ಲಿ ಎಲ್ಲಾ ಉದ್ರೋಯ್ತು. ಈ ಪುಡೀಲಿ ನಿಮ್ಮಷ್ಟು ಬತ್ತದಾ? ನೀವ್ ಹೇಳುದ್ರೆ ನಂಬ್ತೀನಿ."

ಪುಡಿ ಅಳೆಯುತ್ತಿದ್ದ ಅತ್ತೆಯ ಕೈ ನಿಂತಿತು. ನಿನ್ನ ಹಾಗೆಯೇ ನನಗೂ ಉದುರಿತ್ತು ಕಣೇ, ಇದು ಚೌರಿ ಎಂದು ಅವಳ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ನನಗೆ ಭಯವಾಯಿತು.

"ಬತ್ತದೆ ಕಣಮ್ಮ," ಎಂದೆ. "ವಾರ ತಪ್ಪಿಸ್ಬೇಡ."

ಅವಳ ಮುಖ ಅರಳಿದ್ದು ನೋಡಿ ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಅವಳು ಎದ್ದು ಹೋಗಿ ಅತ್ತೆಯ ಮುಂದೆ ಡಬ್ಬಿ ಹಿಡಿದು, ಇನ್ನೊಂದು ಪಾವು ಹೆಚ್ಚಿಗೆ ಹಾಕಿ ಎಂದಳು.