ಕೌಂಟರಕ್ಕ ಕೋಟೆ ಹತ್ತಿದ ದಿನ

ದ್ವೀಪ ನೋಡಲು ಬರುವವರು ಬುದ್ಧಿಯನ್ನು ಹಡಗಿನಲ್ಲೇ ಬಿಟ್ಟು ಇಳಿಯುತ್ತಾರೆ ಎಂಬುದು ಕೌಂಟರಕ್ಕನ ಖಚಿತ ಅಭಿಪ್ರಾಯ. ಇದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಹಡಗುಕಟ್ಟೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಗಾಜಿನ ಕೆಳಗೆ ನಕಾಶೆ ಹಾಸಿದ ಮೇಜಿನ ಹಿಂದೆ ಕೂತು, ಬಾಡಿಗೆ ಕಾರಿನ ಕೀಗಳನ್ನು ಕೊಟ್ಟು ಕೊಟ್ಟು ತಲೆಗೂದಲು ಬೆಳ್ಳಗಾದ ಮೇಲೆ ಬಂದ ಜ್ಞಾನ. ದ್ವೀಪಕ್ಕೆ ಇರುವುದು ಒಂದೇ ರಸ್ತೆ. ಅದು ಶೆಡ್ಡಿನ ಮುಂದಿನಿಂದ ಹೊರಟು ಕಲ್ಲುಗೋರಿಗಳು, ಕೋಟೆ, ದೀಪಸ್ತಂಭ ಎಲ್ಲವನ್ನೂ ಮುಟ್ಟಿಕೊಂಡು ಸುತ್ತಿ ಮತ್ತೆ ಶೆಡ್ಡಿನ ಮುಂದಕ್ಕೇ ಬರುತ್ತದೆ. ಇಷ್ಟನ್ನು ಬೆರಳಿಟ್ಟು ತೋರಿಸಿ ಮುಗಿಸುವಷ್ಟರಲ್ಲಿ ಯಾರಾದರೊಬ್ಬ ಮಹಾಶಯ ಕೇಳುತ್ತಾನೆ, ದಾರಿ ತಪ್ಪಿದರೆ ಏನು ಮಾಡುವುದು ಎಂದು. ಅವಳಿಗೆ ಮೈಯೆಲ್ಲ ಉರಿಯುತ್ತದೆ. ಆದರೂ ನಗುತ್ತಾಳೆ. ಆ ನಗುವಿನ ಅರ್ಥ ಬಲ್ಲ ಊರಿನವರು ಅಂಥ ಹೊತ್ತಿನಲ್ಲಿ ಶೆಡ್ಡಿನೊಳಗೆ ಕಾಲಿಡುವುದಿಲ್ಲ.

ಕಾರುಗಳೂ ಯಜಮಾನಿಯ ಹಾಗೇ ವಯಸ್ಸಾದವು. ಒಂದರ ಕಿಟಕಿ ಇಳಿಯುವುದಿಲ್ಲ, ಇನ್ನೊಂದರ ಡಿಕ್ಕಿಗೆ ಹಗ್ಗ ಕಟ್ಟಬೇಕು, ಬಿಳಿ ಕಾರಿನ ಹಾರ್ನು ಎಡಕ್ಕೆ ತಿರುಗಿಸಿದಾಗ ತಾನಾಗಿ ಕೂಗುತ್ತದೆ. ಇವನ್ನೆಲ್ಲ ರಸ್ತೆಯ ಮೇಲೆ ಇಟ್ಟುಕೊಂಡಿರುವವನು ಅವಳ ಗಂಡ. ಊರಿನವರು ಅವನನ್ನು ಹಗ್ಗದಣ್ಣ ಎನ್ನುತ್ತಾರೆ, ಏಕೆಂದರೆ ದಿನಕ್ಕೊಬ್ಬರಾದರೂ ಕಾರನ್ನು ಮರಳಿಗೋ ಚರಂಡಿಗೋ ಇಳಿಸಿ ಫೋನ್ ಮಾಡುತ್ತಾರೆ, ಇವನು ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ಮಾತಿನಲ್ಲಿ ಮಹಾ ಜಿಪುಣ. ಹೆಂಡತಿ ಹತ್ತು ಮಾತಾಡಿದರೆ ಇವನದು ಒಂದು ಹೂಂ. ಆ ಹೂಂ ಒಪ್ಪಿಗೆಯೋ ನಿದ್ದೆಯೋ ಎಂದು ಅವಳಿಗೆ ಇಂದಿಗೂ ತಿಳಿದಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ನೀವು ನಗುತ್ತೀರಿ. ಇಡೀ ದ್ವೀಪವನ್ನು ಬಾಯಿಪಾಠ ಒಪ್ಪಿಸುವ ಈ ಹೆಂಗಸು ದ್ವೀಪವನ್ನು ನೋಡಿಯೇ ಇಲ್ಲ. ಮದುವೆಯಾಗಿ ಹಡಗಿಳಿದವಳು ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ಮನೆ ಹೂಡಿದಳು. ಅತ್ತೆಯ ಕಾಯಿಲೆ, ಮಕ್ಕಳ ಶಾಲೆ, ಆಮೇಲೆ ಈ ಶೆಡ್ಡು. ಹಡಗು ಬರುವ ಹೊತ್ತಿಗೆ ಕೂರಬೇಕು, ಹೋಗುವ ತನಕ ಏಳುವಂತಿಲ್ಲ. ಅವಳಿಗೆ ಗೊತ್ತಿರುವುದೆಲ್ಲ ಕೀ ವಾಪಸು ಕೊಡಲು ಬಂದವರು ಹೇಳಿದ್ದು. ಗೋರಿಗಳ ಮೇಲೆ ಮೀನಿನ ಚಿತ್ರ ಕೆತ್ತಿದೆ ಎಂದು ಒಬ್ಬರು, ಕೋಟೆಯ ಬಾವಿಯ ನೀರು ಸಿಹಿ ಎಂದು ಇನ್ನೊಬ್ಬರು. ಇವರಿಂದ ಕೇಳಿದ್ದನ್ನು ಮಾರನೆಯ ದಿನ ಬಂದವರಿಗೆ ಹೇಳುವುದು. ಹೀಗೆ ಅವಳ ವ್ಯಾಪಾರ ನಡೆದಿತ್ತು.

ಅದರಲ್ಲೆಲ್ಲ ಅವಳ ಜೀವ ಇದ್ದದ್ದು ಒಂದೇ ಮಾತಿನಲ್ಲಿ. ಅವಳ ತವರು ಸಮುದ್ರದ ಆಚೆ ದಡದ ಒಂದು ಸಣ್ಣ ಊರು. ಅಪ್ಪ ಅಲ್ಲಿನ ಗಾಜಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಾರ್ಖಾನೆಗೆ ಎತ್ತರದ ಚಿಮಣಿ, ಅದರ ತುದಿಗೆ ಕೆಂಪು ಪಟ್ಟಿ. ಅಪ್ಪ ಅಮ್ಮ ಹೋದರು, ಅಣ್ಣ ಮನೆ ಮಾರಿ ಎಲ್ಲಿಗೋ ಹೋದ. ಈಗ ಆ ಊರಿಗೆ ಹೋದರೆ ಬಾಗಿಲು ತಟ್ಟಲು ಒಂದು ಮನೆಯೂ ಇಲ್ಲ. ಚಿಮಣಿ ಮಾತ್ರ ನಿಂತಿದೆಯಂತೆ. ಶೆಡ್ಡು ಶುರುವಾದ ಹೊಸತರಲ್ಲಿ ಕೋಟೆ ಹತ್ತಿ ಬಂದ ಒಬ್ಬ ಗೃಹಸ್ಥನನ್ನು ಅವಳು ಕೇಳಿದ್ದಳು, ಮೇಲಿನಿಂದ ಆಚೆ ದಡದ ಕೆಂಪು ಪಟ್ಟಿಯ ಚಿಮಣಿ ಕಾಣುತ್ತದೆಯೇ ಎಂದು. ಓಹೋ, ಮೇಲಿನ ಹಜಾರದಲ್ಲಿ ಒಂದು ಕಿಟಕಿ ಇದೆ, ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಕೆಂಪು ಪಟ್ಟಿ ಕೂಡ ಕಂಡಿತು ಎಂದ ಪುಣ್ಯಾತ್ಮ. ಆ ಹೊತ್ತಿನಲ್ಲಿ ಅವಳು ಬಗ್ಗಿ ಕಾರಿನ ಬಾಗಿಲ ಮೇಲಿನ ಹೊಸ ಗೀರನ್ನು ನೋಡುತ್ತಿದ್ದಳು ಎಂಬುದನ್ನು ಇಲ್ಲಿ ಹೇಳಲೇಬೇಕು. ಕೆಂಪು ಪಟ್ಟಿ ಎಂದದ್ದೇ ತಡ, ಅವಳು ಗೀರನ್ನು ಮರೆತು ಎದ್ದು ನಿಂತಳು. ಪಟ್ಟಿಯ ಮಾತನ್ನು ಮೊದಲು ಎತ್ತಿದವಳು ತಾನೇ ಎಂಬುದು ಅವಳ ನೆನಪಿಗೆ ಬರಲಿಲ್ಲ.

ಅಂದಿನಿಂದ ಕಾರು ಕೊಟ್ಟಾಗಲೆಲ್ಲ, ಕೋಟೆಯ ಮೇಲಿನ ಹಜಾರದ ಕಿಟಕಿ ಮರೆಯಬೇಡಿ ಎನ್ನುವುದು. ವಾಪಸು ಬಂದಾಗ, ಕಿಟಕಿಯಿಂದ ಕಂಡಿತೇ ಎಂದು ಕೇಳುವುದು. ಕಂಡಿತು, ತುಂಬಾ ಚೆನ್ನಾಗಿತ್ತು ಎಂದು ಅವರೆಲ್ಲ ಹೇಳುವುದು. ಇಲ್ಲ ಎಂದವರು ಒಬ್ಬರೂ ಇಲ್ಲ. ನನ್ನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಅವಳು ಗಂಡನ ಬೆನ್ನು ಬಿದ್ದಳು. ಅವನಿಗೋ ನೆಪಗಳಿಗೆ ಬರವಿಲ್ಲ. ಇವತ್ತು ಕ್ಲಚ್ಚು ಸರಿಯಿಲ್ಲ, ನಾಳೆ ಗಾಳಿ ಜೋರು, ನಾಡಿದ್ದು ಮೋಡ. ಆಕಾಶದಲ್ಲಿ ಅಂಗೈಯಗಲ ಮೋಡ ಇದ್ದರೂ ಇವನ ಕಣ್ಣಿಗೆ ಅದು ಬೀಳುತ್ತಿತ್ತು. ಮನೆಯಲ್ಲಿ ಸೋರುವ ನಲ್ಲಿ ಮಾತ್ರ ಎಂದೂ ಬಿದ್ದಿಲ್ಲ.

ಈ ವರ್ಷ ನೋಟಿಸು ಬಂತು. ಮುಂದಿನ ವಾರದಿಂದ ದುರಸ್ತಿಗಾಗಿ ಕೋಟೆ ಮುಚ್ಚಲಾಗುವುದು. ಎಷ್ಟು ಕಾಲ ಎಂದು ಬರೆದಿರಲಿಲ್ಲ. ಸರ್ಕಾರದ ದುರಸ್ತಿ ಮುಗಿಯುವ ಹೊತ್ತಿಗೆ ತನ್ನ ಮಂಡಿಗಳು ಮುಗಿದಿರುತ್ತವೆ ಎಂದು ಕೌಂಟರಕ್ಕನಿಗೆ ಗೊತ್ತು. ಈಗ ನೋಡದಿದ್ದರೆ ಇನ್ನು ನೋಡಿದ ಹಾಗೇ. ಆವತ್ತು ಬೆಳಗಿನ ಹಡಗಿನವರಿಗೆ ಕೀಗಳನ್ನು ಹಂಚಿ, ಬಾಗಿಲಿಗೆ ‘ಮುಚ್ಚಿದೆ’ ಬೋರ್ಡು ತಗಲಿಸಿ, ಉಳಿದಿದ್ದ ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಂಡ ಬಂದು ಆಕಾಶ ನೋಡಿದ. ಹುಡುಕಿದರೂ ಮೋಡ ಸಿಗಲಿಲ್ಲ. ರೇಡಿಯೇಟರಿನಲ್ಲಿ ನೀರು ಕಡಿಮೆ ಇದೆಯೇನೋ ಎಂದು ಗೊಣಗಿದ.

“ನೀರು ತುಂಬಿ ಬಂದಿದೀನಿ,” ಎಂದಳು. “ಹತ್ತಿ.”

ಹತ್ತಿದ.

ಈ ಪ್ರಯಾಣವನ್ನು ಅವಳು ಎಷ್ಟೋ ವರ್ಷ ಕನಸಿನಲ್ಲಿ ಮಾಡಿದ್ದಳು. ಕನಸಿನಲ್ಲಿ ಗಂಡ ಮಾತಾಡುತ್ತಿರಲಿಲ್ಲ. ಇಂದು ಏನು ಬಂತೋ, ಬಾಯಿ ಮುಚ್ಚಲೇ ಇಲ್ಲ. ಸುಣ್ಣದ ಗೂಡಿನ ತಿರುವು ಬಂದರೆ, ಇಲ್ಲೇ ಆ ಡಾಕ್ಟರು ಆಕ್ಸಲ್ ಮುರಿದದ್ದು ಎಂದ. ಕಲ್ಲುಗೋರಿಗಳು ಬಂದವು. ಸಾಲಾಗಿ ನಿಂತ ಹಳೆಯ ಕಲ್ಲುಗಳು, ಅವುಗಳ ಮೇಲೆ ನಿಜಕ್ಕೂ ಮೀನುಗಳು. ಅವಳು ಕತ್ತು ಹೊರಗೆ ಹಾಕಿ ನೋಡುವಷ್ಟರಲ್ಲಿ, ಆ ಮೂರನೇ ಕಲ್ಲಿಗೆ ಕೆಂಪು ಕಾರನ್ನು ಗುದ್ದಿದ್ದರು, ಬಂಪರು ಇನ್ನೂ ನಮ್ಮ ಹಿತ್ತಲಲ್ಲಿದೆ ಎಂದ. ರಾಜರು ಕಟ್ಟಿದ್ದು, ಶತ್ರುಗಳು ಕೆಡವಿದ್ದು ಯಾವುದೂ ಅವನಿಗೆ ಬೇಕಿಲ್ಲ. ಅವನ ಪಾಲಿಗೆ ದ್ವೀಪದ ಇತಿಹಾಸ ಎಂದರೆ ಯಾವ ಟೈರು ಎಲ್ಲಿ ಒಡೆಯಿತು ಎಂಬುದು. ಎಡಕ್ಕೆ ತಿರುಗಿದಾಗಲೆಲ್ಲ ಹಾರ್ನು ಬೇರೆ. ಗೋರಿಗಳ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದವರು ಬೆಚ್ಚಿ ಬಿದ್ದು ಇವರತ್ತ ನೋಡಿದರು.

ಮುಂದೆ ಮರಳಿನಲ್ಲಿ ಒಂದು ಕಾರು ಹೂತಿತ್ತು. ಅವರದೇ ಕಾರು, ಅವಳೇ ಬೆಳಿಗ್ಗೆ ಕೊಟ್ಟದ್ದು. ಮರಳಿಗೆ ಇಳಿಸಬೇಡಿ ಎಂದು ಎರಡೆರಡು ಸಲ ಹೇಳಿದ್ದಳು. ಗಂಡನ ಮುಖ ಅರಳಿತು. ಹಗ್ಗ ತೆಗೆದು ಇಳಿದೇಬಿಟ್ಟ. ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ, ಚಕ್ರದ ಕೆಳಗೆ ಹಲಗೆ ಇಟ್ಟ, ಆ ಹಲಗೆಯನ್ನು ಉಜ್ಜಿ ಒರೆಸಿ ಡಿಕ್ಕಿಗೆ ಹಾಕಿದ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬೇಕೆಂದೇ ತಡ ಮಾಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಒಂದು ಜನ್ಮದಲ್ಲಿ ಒಂದು ದಿನ ಕೇಳಿದ್ದು, ಅದನ್ನೂ ಮರಳಿಗೆ ಹಾಕಿದನಲ್ಲ ಎಂದು ಹಲ್ಲು ಕಡಿದು ಕೂತಳು. ಅಳುವೂ ಬಂತು. ಆದರೆ ಪ್ರವಾಸಿಗರ ಮುಂದೆ ಅಳುವ ಜಾಯಮಾನ ಅವಳದಲ್ಲ.

ಕೋಟೆಯ ಬುಡಕ್ಕೆ ಬಂದ ಮೇಲೆ ಅವನು ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿದ. ನೀನು ನಡೀತಾ ಇರು, ಬರ್ತೀನಿ ಎಂದ. ಅವಳು ಹತ್ತತೊಡಗಿದಳು. ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ. ಕಟ್ಟಿದವನಿಗೆ ಮಂಡಿ ನೋವು ಇರಲಿಲ್ಲವೆಂದು ಕಾಣುತ್ತದೆ. ಗೋಡೆ ಹಿಡಿದು, ನಿಂತು, ಶಾಪ ಹಾಕಿ, ಮತ್ತೆ ಹತ್ತಿದಳು. ನಡುವೆ ಬೆಳಗಿನ ಹಡಗಿನ ಗಂಡ ಹೆಂಡತಿ ಇಳಿದು ಬರುತ್ತಿದ್ದರು. ಇವಳನ್ನು ಗುರುತು ಹಿಡಿದು ಆ ಹೆಂಗಸು ಬಾಯಿತುಂಬ ನಕ್ಕಳು.

“ನೀವು ಹೇಳಿದ ಕಿಟಕಿ ನೋಡಿದ್ವಿ ಅಕ್ಕ. ತುಂಬಾ ಚೆನ್ನಾಗಿತ್ತು.”

ಉಳಿದ ಮೆಟ್ಟಿಲುಗಳನ್ನು ಕೌಂಟರಕ್ಕ ಹೇಗೆ ಹತ್ತಿದಳೋ ಅವಳಿಗೇ ತಿಳಿಯದು.

ಮೇಲಿನ ಹಜಾರಕ್ಕೆ ಅರ್ಧ ಚಾವಣಿ ಇರಲಿಲ್ಲ. ನೆಲದ ತುಂಬ ಬಾವಲಿಯ ಹಿಕ್ಕೆ, ಗೋಡೆಯ ತುಂಬ ಪ್ರೇಮಿಗಳ ಹೆಸರು. ತೆರೆದ ಸಮುದ್ರದ ಕಡೆಗೆ ಉದ್ದಕ್ಕೂ ಕಿಂಡಿಗಳು. ಶತ್ರುಗಳು ಆ ಕಡೆಯಿಂದಲೇ ಬರುತ್ತಿದ್ದದ್ದು. ಅವಳು ಅತ್ತ ನೋಡಲೂ ಇಲ್ಲ. ತವರೂರಿನ ದಡದ ಕಡೆ ತಿರುಗಿದಳು. ಅಲ್ಲಿ ಗೋಡೆ. ನೆಲದಿಂದ ಮೇಲಿನವರೆಗೆ ಬರೀ ಕಲ್ಲು. ಈ ತುದಿಯಿಂದ ಆ ತುದಿಗೆ ನಡೆದಳು. ಕಲ್ಲು ಕಲ್ಲಿನ ಮೇಲೂ ಕೈ ಆಡಿಸಿದಳು, ಯಾವ ಕಾಲದಲ್ಲೋ ಮುಚ್ಚಿರಬಹುದು ಎಂದು. ಮುಚ್ಚಿದ ಗುರುತೂ ಇಲ್ಲ. ಕಿಟಕಿ ಇರಲಿ, ಒಂದು ಇರುವೆ ನುಸುಳುವಷ್ಟು ಸಂದೂ ಇರಲಿಲ್ಲ. ಅಷ್ಟು ವರ್ಷ ಅಷ್ಟು ಜನ ಈ ಗೋಡೆಯ ಮುಂದೆ ನಿಂತು, ಕೆಳಗಿಳಿದು, ಕೀ ಕೊಡುತ್ತಾ, ತುಂಬಾ ಚೆನ್ನಾಗಿತ್ತು ಅಕ್ಕ ಎಂದು ಹೇಳಿ ಹಡಗು ಹತ್ತಿದ್ದರು. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅದೆಲ್ಲಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಗಂಡ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲೇ ನಿಂತ. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ.

“ನಿಮಗೆ ಗೊತ್ತಿತ್ತು,” ಎಂದಳು ಅವಳು.

ಹೂಂ ಎಂದ. ಈ ಹೂಂ ಯಾವುದೆಂದು ಈ ಸಲ ಅವಳಿಗೆ ತಿಳಿಯಿತು.

ಆಮೇಲೆ ಅವಳ ಬಾಯಿಂದ ಬಂದದ್ದನ್ನೆಲ್ಲ ಬರೆಯುವುದು ಬೇಡ. ಇಷ್ಟು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದಿರಿ, ಊರಿಗೆಲ್ಲ ನನ್ನನ್ನು ಪೆದ್ದಿ ಮಾಡಿದಿರಿ, ಕ್ಲಚ್ಚಂತೆ, ಗಾಳಿಯಂತೆ, ಮೋಡವಂತೆ ಎಂದು ಒಂದೊಂದನ್ನೂ ಹೆಕ್ಕಿ ಹೆಕ್ಕಿ ಅವನ ಮುಖಕ್ಕೆ ಎಸೆದಳು. ಹಜಾರದ ಬಾವಲಿಗಳು ಗಾಬರಿಯಾಗಿ ಎದ್ದು ಹೋದವು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದ.

“ಅಪ್ಪನ ಚಿಮಣಿ ಕಾಣ್ಸುತ್ತೆ ಅಂತ ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ. ಕಾಣ್ಸಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಇಲ್ಲಿ ಇಲ್ದೇ ಇದ್ರೆ ಬೇರೆ ಎಲ್ಲಾದ್ರೂ ಸಿಗುತ್ತೆ, ಅಲ್ಲಿಗೆ ಕರ್ಕೊಂಡು ಹೋಗೋಣ ಅಂತಿದ್ದೆ. ಎಲ್ಲಾ ಕಡೆ ನಿಂತು ನೋಡಿದೀನಿ. ಎಲ್ಲಿಂದಾನೂ ಕಾಣಲ್ಲ.”

ಎಲ್ಲಾ ಕಡೆ ಎಂದರೆ ಎಲ್ಲಿ ಎಂದು ಅವಳು ಗದರಿಸಿ ಕೇಳಿದಳು. ಕಾರು ಎಳೆಯಲು ಹೋದಲ್ಲೆಲ್ಲ ಎಂದ. ಹಾಗಾದರೆ ಅವೆಲ್ಲವನ್ನೂ ಈಗಲೇ ತೋರಿಸಿ, ಒಂದನ್ನೂ ಬಿಡಬೇಡಿ ಎಂದು ಅವನಿಗಿಂತ ಮುಂದಾಗಿ ಮೆಟ್ಟಿಲು ಇಳಿದಳು.

ತೋರಿಸಿದ. ದೀಪಸ್ತಂಭದ ಜಗಲಿ. ಅಲ್ಲಿನ ಕಾವಲುಗಾರನಿಂದ ದುರ್ಬೀನು ಇಸಕೊಂಡು ನೋಡಿದ್ದನಂತೆ, ದೂರ ಜಾಸ್ತಿ, ಭೂಮಿಯ ಉಬ್ಬೇ ಅಡ್ಡ ಬರುತ್ತದೆ ಎಂದು ಆ ಕಾವಲುಗಾರ ಹೇಳಿದ್ದನಂತೆ. ಹಳೆಯ ಕಲ್ಲುಗಣಿಯ ದಿಬ್ಬ. ಗಾಳಿಗೆ ಬಗ್ಗಿದ ಮರದ ಹತ್ತಿರದ ಬಂಡೆ. ಪ್ರತಿಯೊಂದು ಕಡೆಯೂ ಅವಳು ಇಳಿದು, ಅವನು ನಿಂತಿದ್ದ ಜಾಗ ಯಾವುದೆಂದು ಕೇಳಿ ಅಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ನೀರು. ಅದರಾಚೆ ಮತ್ತೆ ನೀರು. ಮುಖ ಊದಿಸಿಕೊಂಡೇ ಬಂದು ಸೀಟಿನಲ್ಲಿ ಕೂತಳು, ಮುಂದಕ್ಕೆ ನಡೀರಿ ಎಂದಳು. ಮುರಿದ ಆಕ್ಸಲ್ಲು, ಒಡೆದ ಟೈರುಗಳ ಮಾತು ಅವನೂ ಎತ್ತಲಿಲ್ಲ. ರಸ್ತೆ ಸುತ್ತಿ ಮುಗಿದು ಹಡಗುಕಟ್ಟೆ ಬಂತು. ಅವನು ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸದೆ ಹಿಂದಿನ ಬೀದಿಗೆ ತಿರುಗಿಸಿ, ತಮ್ಮದೇ ಮನೆಯ ಮುಂದೆ ನಿಲ್ಲಿಸಿದ.

ಇಲ್ಲಿಗೆ ಯಾಕೆ ಎಂದಳು. ಅವನು ಚಾವಣಿಯತ್ತ ಕೈ ತೋರಿಸಿದ.

“ಮೊದಲು ನೋಡಿದ್ದು ಇಲ್ಲಿಂದ. ನೀನು ಬಂದ ಹೊಸ್ತರಲ್ಲಿ ದಿನಾ ಹಿತ್ತಲಲ್ಲಿ ಕೂತ್ಕೊಂಡು ಅಳ್ತಿದ್ದೆ. ಆಗ ನಾನು ಹತ್ತಿದ್ದೆ.”

ಆಗಿನ್ನೂ ಕಾರುಗಳಿರಲಿಲ್ಲ, ಶೆಡ್ಡಿರಲಿಲ್ಲ, ಕಿಟಕಿಯ ಸುಳ್ಳು ಹುಟ್ಟಿರಲೂ ಇಲ್ಲ. ಈ ಮನುಷ್ಯನನ್ನು ಕಟ್ಟಿಕೊಂಡು ಏಗಿದ್ದೇ ತನ್ನ ಹಣೆಬರಹ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ಆವತ್ತೇ ಹೇಳಿದ್ರೆ ಒಂದ್ಸಲ ಅತ್ತು ಮುಗಿಸ್ತಿದ್ದೆ,” ಎಂದಳು. ಧ್ವನಿಯಲ್ಲಿ ಸಿಟ್ಟು ಇನ್ನೂ ಇತ್ತು. “ಅದೂ ತಿಳಿಯೋದಿಲ್ಲ ನಿಮಗೆ.”

ಅವಳು ಚೀಲವನ್ನು ಅವನ ಕೈಗೆ ತುರುಕಿ, ಪಕ್ಕದ ಗೋಡೆಗೆ ಒರಗಿಸಿದ್ದ ಏಣಿಯನ್ನು ಎಳೆದು ತಂದು ಚಾವಣಿಗೆ ಆನಿಸಿದಳು. ಮೇಲೆ ಏನೂ ಕಾಣುವುದಿಲ್ಲ, ಮಂಡಿ ಬೇರೆ ನೋಯುತ್ತದೆ, ಬೇಡ ಎಂದು ಅವನು ಹೇಳತೊಡಗಿದ.

“ಏನೂ ಕಾಣಲ್ಲ ಅಂತ ಗೊತ್ತು,” ಎಂದು ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. “ನೀವು ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ.”