ಲಕ್ಕಿ ಎಣ್ಣೆ, ದೊಡ್ಡಮ್ಮನ ಕಾಲು

ಬುಕ್ಕಾಂಬುಧಿ ಕೆರೆ ಏರಿಯ ಕೆಳಗೆ ನನ್ನ ದೊಡ್ಡಮ್ಮನ ಮನೆ. ಅವಳು ಅಮ್ಮನ ಅಕ್ಕ. ಊರಿನಲ್ಲಿ ಯಾರಿಗೆ ಕುರುವಾದರೂ, ಎತ್ತಿನ ಹೆಗಲು ಹುಣ್ಣಾದರೂ ಅವಳ ಹತ್ತಿರ ಬರುತ್ತಿದ್ದರು. ಲಕ್ಕಿ ಸೊಪ್ಪು ಕುದಿಸಿದ ನೀರಲ್ಲಿ ತೊಳೆದು, ಅದೇ ಸೊಪ್ಪನ್ನು ಅರೆದು ಕಟ್ಟುತ್ತಿದ್ದಳು. ಎಂಬತ್ತರ ದಶಕದ ಶುರುವಿನಲ್ಲಿ ಮೈಸೂರಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ಪ್ರಾಜೆಕ್ಟಿಗೆ ಆ ಸೊಪ್ಪನ್ನೇ ಆರಿಸಿಕೊಂಡೆ.

ಎರಡು ಗೋಣಿಚೀಲ ಸೊಪ್ಪನ್ನು ಬೀರೂರಲ್ಲಿ ರೈಲಿಗೆ ಹಾಕಿಕೊಂಡು ಹೋದೆ. ಅದರ ಘಾಟಿಗೆ ಪಕ್ಕದಲ್ಲಿದ್ದವರು ಎದ್ದು ಬೇರೆ ಕಡೆ ಕೂತರು. ಲ್ಯಾಬಿನಲ್ಲಿ ಹಬೆಗೆ ಹಿಡಿದು ಭಟ್ಟಿ ಇಳಿಸಿದರೆ ಅಷ್ಟು ಸೊಪ್ಪಿಗೆ ಸಿಕ್ಕಿದ್ದು ಒಂದು ಸಣ್ಣ ಸೀಸೆ ತಿಳಿಹಳದಿ ಎಣ್ಣೆ. ಒಂದೇ ವಾಸನೆ ಅಂತ ನಾನು ಅಂದುಕೊಂಡಿದ್ದು ಎಣ್ಣೆಯ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಯಂತ್ರದ ಕಾಗದದ ಮೇಲೆ ಹತ್ತಾರು ಏರಿಳಿತಗಳಾಗಿ ಬಿಚ್ಚಿಕೊಂಡಿತು. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್, ಮೆಣಸಿನಲ್ಲಿರುವ ಕ್ಯಾರಿಯೋಫಿಲೀನ್, ಇನ್ನೂ ಏನೇನೋ. ಕೆಲವಕ್ಕೆ ನಮಗೆ ಹೆಸರೇ ಸಿಗಲಿಲ್ಲ. ಕುರುವಿನಲ್ಲಿ ಕೀವು ಮಾಡುವ ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯಲ್ಲಿ, ಎಣ್ಣೆಗೆ ಅದ್ದಿದ ಕಾಗದದ ಬಿಲ್ಲೆಯನ್ನು ಇಟ್ಟೆ. ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತ. ಅವತ್ತೇ ದೊಡ್ಡಮ್ಮನಿಗೆ ಕಾಗದ ಬರೆದೆ.

ರಜೆಗೆ ಹೋದಾಗ ಅವಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗುಲಿ ಮೇಲೆ ಕೂತಿದ್ದಳು. ಹೆಬ್ಬೆರಳಿಗೆ ಮುಳ್ಳು ಚುಚ್ಚಿ ತಿಂಗಳಾಗಿತ್ತಂತೆ. ಬಟ್ಟೆ ಬಿಚ್ಚಿದೆ. ಕೀವು ಹಸಿರಾಗಿತ್ತು.

"ತರೀಕೆರೆ ಆಸ್ಪತ್ರೆಗೆ ಹೋಗಣ," ಅಂದೆ.

"ಯಾಕೇ? ಸೊಪ್ಪು ಕೀವು ಕೊಲ್ತದೆ ಅಂತ ನೀನೇ ಬರ್ದಿದ್ಯಲ್ಲ. ಊರೋರ್ಗೆಲ್ಲ ಓದಿಸ್ದೆ ಕಣೇ."

ನಾನು ಕಾಗದದಲ್ಲಿ ಬರೆಯದ ಇನ್ನೊಂದು ತಟ್ಟೆ ಇತ್ತು. ಅವಳ ಕಾಲು ನನ್ನ ತೊಡೆಯ ಮೇಲಿತ್ತು, ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.

"ಹಸಿರು ಕೀವು ಮಾಡೋದು ಬೇರೆ ಜಾತಿ ಕ್ರಿಮಿ ದೊಡ್ಡಮ್ಮ. ಅದರ ಮೇಲೂ ಎಣ್ಣೆ ಇಟ್ಟು ನೋಡಿದ್ದೆ. ಏನೂ ಆಗ್ಲಿಲ್ಲ. ಅದನ್ನ ನಿಂಗೆ ಬರೀಲಿಲ್ಲ."

"ಯಾಕೆ ಬರೀಲಿಲ್ಲ?"

"ನೀನು ಖುಷಿ ಪಡ್ತೀಯ ಅಂತ ಗೆದ್ದಿದ್ದಷ್ಟೇ ಬರೆದೆ."

ಅವಳು ನನ್ನ ತೊಡೆಯ ಮೇಲಿಂದ ಕಾಲು ಇಳಿಸಿದಳು. ಆಮೇಲೆ, "ಸೀರೆ ಬದಲಾಯಿಸ್ಕೊತೀನಿ. ಬಸ್ಸು ಎಷ್ಟೊತ್ತಿಗೆ ಕೇಳ್ಕೊಂಡು ಬಾ," ಅಂದಳು.

ಸಕ್ಕರೆ ಕಾಯಿಲೆ ಇರುವುದು ಆಸ್ಪತ್ರೆಯಲ್ಲೇ ಗೊತ್ತಾಯಿತು. ಹೆಬ್ಬೆರಳು ತೆಗೆದರು, ಪಾದ ಉಳಿಯಿತು. ಇನ್ನು ಎರಡು ವಾರ ತಡವಾಗಿದ್ದರೆ ಅದೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು.

ಮೈಸೂರಿಗೆ ವಾಪಸಾಗಿ ಪ್ರಬಂಧ ಬರೆಯುವಾಗ, ಸೋತ ತಟ್ಟೆಗಳ ಫೋಟೋ ಯಾಕೆ, ಒಂದು ಸಾಲು ಸಾಕಲ್ಲ, ಅಂದರು ನನ್ನ ಗೈಡು. ಒಂದು ಪೂರ್ತಿ ಪುಟವೇ ಬೇಕು ಅಂತ ಹಠ ಹಿಡಿದೆ. ಕೊನೆಗೆ ಒಪ್ಪಿದರು.

ದೊಡ್ಡಮ್ಮ ಸೊಪ್ಪು ಕಟ್ಟುವುದನ್ನು ಬಿಡಲಿಲ್ಲ. ಆದರೆ ಹುಣ್ಣನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವಳು, ಮೂಸಿ ನೋಡುವಳು, ಅನುಮಾನ ಬಂದರೆ ತರೀಕೆರೆಗೆ ಕಳಿಸುವಳು. ಬೆರಳಿನ ವಿಷಯದಲ್ಲಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.