ಧಕ್ಕೆಯೋ ದೋಣಿಯೋ

ನಮಿತಾ ಹುಟ್ಟಿ ಬೆಳೆದದ್ದು ಚೆನ್ನೈಯ ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿ. ಉಡುಪಿ ಕಡೆಯಿಂದ ಬಂದ ಅಪ್ಪ ಅಲ್ಲಿನ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಆಯುಷ್ಯ ಸವೆಸಿದವರು. ಮಂಜುಗಡ್ಡೆ ಎಂದರೆ ಅವಳಿಗೆ ಕಬ್ಬಿನಹಾಲಿನ ಗಾಡಿಯಲ್ಲಿ ಗೋಣಿ ಹೊದ್ದು ಕೂತ ಗಡ್ಡೆ, ಅಷ್ಟೆ. ಅಂಥವಳಿಗೆ ಶೋಳಿಂಗನಲ್ಲೂರಿನ ಕಾಲ್ ಸೆಂಟರಿನಲ್ಲಿ ಸಿಕ್ಕಿದ್ದು ಮಂಜುಗಡ್ಡೆಯದೇ ಕೆಲಸ.

ಅಮೆರಿಕದ ಉತ್ತರದಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ದೋಣಿ ಕಟ್ಟುವ ಮರದ ಧಕ್ಕೆಯ ಕಂಬಗಳನ್ನು ಗಡ್ಡೆ ಬಿಗಿಯಾಗಿ ಹಿಡಿದು, ನೀರೇರಿದಾಗ ಬುಡಸಮೇತ ಮೇಲಕ್ಕೆಳೆಯುತ್ತದೆ. ದೋಣಿ ಸಿಕ್ಕಿಬಿದ್ದರೆ ಹಲಗೆ ಒಡೆಯುತ್ತದೆ. ಅದಕ್ಕೆ ಧಕ್ಕೆಯ ಅಡಿಯಲ್ಲಿ ಹಗ್ಗ ಕಟ್ಟಿ ನೀರೊಳಗೆ ಒಂದು ಫ್ಯಾನು ಇಳಿಬಿಡುತ್ತಾರೆ. ಆ ಫ್ಯಾನು ಕೆಟ್ಟಾಗ ಜನ ಫೋನ್ ಮಾಡುವುದು ನಮಿತಾ ಕೂರುವ ಸಾಲಿಗೆ.

ಅತ್ತೆ ಸರಸಮ್ಮನಿಗೆ ಇದು ತಲೆಗೆ ಹತ್ತುತ್ತಿರಲಿಲ್ಲ.

"ಮೇಲೆ ಗಡ್ಡೆ ಕಟ್ಟಿದ್ರೆ ಅಡಿಯಲ್ಲಿ ಇನ್ನೂ ಥಂಡಿ ಅಲ್ವಾ ಮಾರಾಯ್ತಿ?"

"ಇಲ್ಲ ಅತ್ತೆ. ಅಡಿಯ ನೀರೇ ಸ್ವಲ್ಪ ಬೆಚ್ಚಗೆ ಉಂಟು. ಫ್ಯಾನ್ ಅದನ್ನು ಮೇಲೆ ತಳ್ತದೆ, ಗಡ್ಡೆ ಕರಗ್ತದೆ."

"ಎಂತ ಲೋಕವೋ," ಎಂದು ಸರಸಮ್ಮ ತೆಂಗಿನಕಾಯಿ ತುರಿಯತೊಡಗುತ್ತಿದ್ದರು.

ಪೊಂಗಲಿಗೆ ಎರಡು ದಿನವಿರುವಾಗ, ಒಂದು ಸಂಜೆ ಹೆರಾಲ್ಡ್ ಎಂಬ ಮುದುಕನ ಫೋನು ಬಂತು. ಅಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಫ್ಯಾನಿನ ಎರಡು ಹಗ್ಗಗಳಲ್ಲಿ ಧಕ್ಕೆಯ ಹೊರತುದಿಗೆ ಕಟ್ಟಿದ್ದು ಹರಿದು, ಫ್ಯಾನು ಅಡ್ಡ ತಿರುಗಿತ್ತು. ಧಕ್ಕೆಯ ತುದಿ ವಾಲಿ, ಮೇಲೆ ಕಾಲಿಡುವಂತಿರಲಿಲ್ಲ. ರಿಪೇರಿಯವರು ಬರಬೇಕೆಂದರೆ ದಾರಿ ತುಂಬಾ ಹಿಮ.

"ನಾನೇ ಗಡ್ಡೆಯ ಮೇಲೆ ನಡೆದು ಹೋಗಿ ಹಗ್ಗ ಕಟ್ಟುತ್ತೇನೆ. ಎಷ್ಟು ಉದ್ದದ ಹಗ್ಗ ಬೇಕು, ಅದಷ್ಟೇ ಹೇಳು," ಎಂದ.

"ದಯವಿಟ್ಟು ಇಳಿಯಬೇಡಿ ಸರ್."

"ಹುಟ್ಟಿದಾಗಿನಿಂದ ಈ ಕೆರೆಯ ಮೇಲೆ ನಡೆದವನು ನಾನು. ನೀನು ಎಲ್ಲಿ ಕೂತು ಮಾತಾಡುತ್ತಿದ್ದೀಯ?"

"ಚೆನ್ನೈಯಲ್ಲಿ."

"ಹೆಪ್ಪುಗಟ್ಟಿದ ಕೆರೆ ನೋಡಿದ್ದೀಯಾ?"

"ಇಲ್ಲ ಸರ್." ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಆದರೆ ನಿಮ್ಮ ಫ್ಯಾನು ಅಡ್ಡ ತಿರುಗಿ, ಎಲ್ಲಿ ಗಟ್ಟಿಯಿರಬೇಕೋ ಅಲ್ಲೇ ಅಡಿಯಿಂದ ಗಡ್ಡೆ ತಿನ್ನುತ್ತಿರಬಹುದು. ಮೇಲೆ ಹಿಮ ಬಿದ್ದಿರುವುದರಿಂದ ಕಾಣುವುದಿಲ್ಲ. ದಡದಲ್ಲಿ ನಿಂತೇ ದೋಣಿಯ ಹುಟ್ಟಿನಿಂದ ಒಮ್ಮೆ ಚುಚ್ಚಿ ನೋಡಿ."

ಅವನು ಗೊಣಗುತ್ತ ಹೋದ. ಸಾಲಿನ ಮೇಲ್ವಿಚಾರಕಿ ಪಾವನಾ ಹಿಂದೆ ಬಂದು ನಿಂತು, "ರೊಂಬ ಲೇಟಾಗ್ತಿದೆ, ರಿಪೇರಿಯವರ ನಂಬರ್ ಕೊಟ್ಟು ಮುಗಿಸು," ಎಂದಳು. ನಮಿತಾ ಬೆರಳೆತ್ತಿ ತಡೆಯೆಂದಳು.

ಹೆರಾಲ್ಡ್ ಮರಳಿದಾಗ ದನಿ ಇಳಿದಿತ್ತು. "ಹುಟ್ಟು ಸೀದಾ ಒಳಗೆ ಹೋಯಿತು."

"ಇನ್ನೊಂದು ಹಗ್ಗ ಎಲ್ಲಿ ಕಟ್ಟಿದೆ ಸರ್?"

"ದಡದ ದೋಣಿಮನೆಯ ಕಂಬಕ್ಕೆ. ದೋಣಿಯೂ ಅಲ್ಲೇ ಇದೆ, ಒಳಗೆ ನಿಂತೇ ಎಳೆಯಬಹುದು."

"ಹಾಗಾದರೆ ಫ್ಯಾನನ್ನು ಒಳಗೆ ಎಳೆದುಕೊಂಡು ದೋಣಿಯ ಪಕ್ಕ ನೆಟ್ಟಗೆ ತೂಗುಹಾಕಿ. ದೋಣಿ ಉಳಿಯುತ್ತದೆ. ಧಕ್ಕೆಯ ತುದಿಯನ್ನು ಬಿಟ್ಟುಬಿಡಬೇಕಾಗುತ್ತದೆ."

"ಆ ಧಕ್ಕೆ ನಾನು, ನನ್ನ ತಮ್ಮ ಸೇರಿ ಕಟ್ಟಿದ್ದು," ಎಂದ ಮುದುಕ. "ಅವನು ಈಗಿಲ್ಲ."

"ದೋಣಿ ಯಾರದು ಸರ್?" ಎಂದು ಕೇಳಿದಳು.

"ಅದೂ ಅವನದೇ."

ಆಮೇಲೆ ಅವನೇ ಹೇಳಿದ, "ಸರಿ, ಹೇಳು. ಮೊದಲು ಏನು ಮಾಡಲಿ?"

"ಮೊದಲು ಪ್ಲಗ್ ಕೀಳಿ."

ಎಳೆಯುವುದು, ನಿಲ್ಲುವುದು, ಏದುಸಿರು, ಮತ್ತೆ ಎಳೆಯುವುದು. ಎಲ್ಲವೂ ಅವಳ ಕಿವಿಯಲ್ಲೇ ನಡೆಯಿತು. ಕೊನೆಗೆ ಫ್ಯಾನು ಗುಂಯ್ ಎಂದಿತು. ನೀರು ಗುಳುಗುಳು ಏಳುತ್ತಿದೆ ಎಂದ ಹೆರಾಲ್ಡ್. ಧನ್ಯವಾದ ಹೇಳಿದನೋ ಇಲ್ಲವೋ, ಲೈನು ಕಡಿದುಹೋಯಿತು.

ಪಾವನಾ ಬೈಯಲಿಲ್ಲ. "ಮುಂದಿನ ಸಲ ನನಗೊಂದು ಮಾತು ಹೇಳು, ನಾನೂ ಲೈನಿಗೆ ಬರ್ತೇನೆ," ಎಂದಳು. ಆದರೆ ಫೋನು ಉದ್ದವಾದದ್ದಕ್ಕೆ ಆ ತಿಂಗಳ ಅಂಕಪಟ್ಟಿಯಲ್ಲಿ ನಮಿತಾಳ ಹೆಸರು ಕೆಳಗಿತ್ತು. ಅವಳಿಗೆ ಅದು ಸ್ವಲ್ಪ ಚುಚ್ಚಿತು. ಮನೆಯಲ್ಲಿ ಕಥೆ ಕೇಳಿದ ಸರಸಮ್ಮ, "ಮುದುಕ ನೀರಿಗೆ ಬೀಳ್ಲಿಲ್ಲ ಅಲ್ವಾ, ಮತ್ತೆ ಎಂತ ಬೇಕು?" ಎಂದರು.

ಚೆನ್ನೈಯಲ್ಲಿ ಬಿಸಿಲು ಸುಡತೊಡಗಿ ಫೋನುಗಳು ಕಡಿಮೆಯಾದ ಕಾಲಕ್ಕೆ ಹೆರಾಲ್ಡ್ ಹೊಸ ಹಗ್ಗ ಬೇಕೆಂದು ಫೋನ್ ಮಾಡಿ, ಅವಳನ್ನೇ ಕೇಳಿದ. ಧಕ್ಕೆಯ ಹೊರಕಂಬಗಳೆಲ್ಲ ಕಿತ್ತುಬಂದಿದ್ದವು. ದೋಣಿಗೆ ಒಂದು ಗೀರೂ ಆಗಿರಲಿಲ್ಲ.

"ಧಕ್ಕೆ ಮತ್ತೆ ಕಟ್ಟುತ್ತೀರಾ?"

"ಕಟ್ಟುತ್ತೇನೆ. ಮೊದಲಿನ ಅರ್ಧದಷ್ಟು. ಒಬ್ಬನಿಗೆ ಅಷ್ಟು ಸಾಕು."

ಒಂದು ಹರಿದರೂ ಇನ್ನೊಂದು ಹಿಡಿದಿರುವಂತೆ ಹಗ್ಗ ಹೊರಗಡೆಗೂ ಒಳಗಡೆಗೂ ಎರಡೆರಡು ಇರಲಿ ಎಂದಳು ನಮಿತಾ. ಅವನು ಒಪ್ಪಿದ.